ಭಾಷಾಧ್ಯಯನಕ್ಕೆ ತಕ್ಕ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಆಯ್ಕೆ: ಬಸವಕಲ್ಯಾಣ–ಹುಮನಾಬಾದ್ ಪರಿಸರದ ಕ್ಷೇತ್ರಕಾರ್ಯವನ್ನು ಕುರಿತು

ಸಾರಾಂಶ

ಕ್ಷೇತ್ರಾಧಾರಿತ ಭಾಷಾಧ್ಯಯನಕ್ಕೆ ತೊಡಗುವ ಸಂಶೋಧಕರು ತಮ್ಮ ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು ಆಯ್ಕೆ ಮಾಡಿಕೊಳ್ಳುವುದು ವಿರಳ. ಯಂತ್ರದೊಡನೆ ಬಂದುದನ್ನೇ ಒಪ್ಪಿಕೊಂಡು ಮುಂದುವರಿಯುತ್ತಾರೆ. ಈ ಆಯ್ಕೆಯು ಧ್ವನಿಮುದ್ರಣ, ಟಿಪ್ಪಣಿ, ಲಿಪ್ಯಂತರ ಮತ್ತು ಸಂಗ್ರಹ ಎಂಬ ನಾಲ್ಕೂ ಹಂತಗಳನ್ನು ಹೇಗೆ ಪ್ರಭಾವಿಸುತ್ತದೆ ಎಂಬುದನ್ನು ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಪರಿಸರದ ಬಹುಭಾಷಿಕ ಸನ್ನಿವೇಶವನ್ನು ಮುಂದಿಟ್ಟುಕೊಂಡು ಪ್ರಸ್ತುತ ಲೇಖನವು ವಿವರಿಸುತ್ತದೆ. ವ್ಯವಸ್ಥೆಯನ್ನು ಅಭಿರುಚಿಯಿಂದಲ್ಲ, ದತ್ತಾಂಶದ ಸ್ವರೂಪದಿಂದ ನಿರ್ಣಯಿಸಬೇಕೆಂಬುದು ಇಲ್ಲಿಯ ವಾದ. ಹೊಸಬರಿಗೆ ಲಿನಕ್ಸ್ ಮಿಂಟ್ ಮೊದಲ ಆಯ್ಕೆಯೆಂದೂ, ಫೀಲ್ಡ್‌ವರ್ಕ್ಸ್ ಅನಿವಾರ್ಯವಾದಲ್ಲಿ ವಿಂಡೋಸ್ ಯಂತ್ರವೊಂದನ್ನು ಉಳಿಸಿಕೊಳ್ಳುವುದು ಸೂಕ್ತವೆಂದೂ ಲೇಖನವು ನಿರ್ಣಯಿಸುತ್ತದೆ.

ಮುಖ್ಯ ಪದಗಳು: ಕ್ಷೇತ್ರಭಾಷಾವಿಜ್ಞಾನ, ಮುಕ್ತ ತಂತ್ರಾಂಶ, ಲಿನಕ್ಸ್, ಭಾಷಾ ದಾಖಲೀಕರಣ, ಬೀದರ್ ಕನ್ನಡ, ಯೂನಿಕೋಡ್

1. ಪ್ರಸ್ತಾವನೆ

ಕನ್ನಡದ ಉಪಭಾಷಾ ಅಧ್ಯಯನಕ್ಕೆ ದೀರ್ಘ ಪರಂಪರೆಯಿದೆ. ಬಳ್ಳಾರಿ, ಗುಲ್ಬರ್ಗ, ಕುಮಟಾ ಮತ್ತು ನಂಜನಗೂಡು ಉಪಭಾಷೆಗಳನ್ನು ಹೋಲಿಸಿದ ಯು.ಪಿ. ಉಪಾಧ್ಯಾಯರ ಗ್ರಂಥ 1976ರಲ್ಲಿ ಪ್ರಕಟವಾಯಿತು. ಆ ತಲೆಮಾರಿನ ಅಧ್ಯಯನಗಳಲ್ಲಿ ವಿಶ್ಲೇಷಣೆಯ ಫಲ ಗ್ರಂಥರೂಪದಲ್ಲಿ ಉಳಿಯಿತು. ಕಾಗದಕ್ಕೆ ಓದುಗನ ಕಣ್ಣಿನ ಹೊರತು ಬೇರೆ ಸಾಧನ ಬೇಕಿರಲಿಲ್ಲವಾದುದರಿಂದ ಅರ್ಧ ಶತಮಾನದ ಬಳಿಕವೂ ಅವನ್ನು ಓದಬಹುದಾಗಿದೆ. ಇಂದಿನ ಸಂಶೋಧಕನ ದತ್ತಾಂಶಕ್ಕೆ ಆ ಭಾಗ್ಯವಿಲ್ಲ. ಅದು ಧ್ವನಿಕಡತ, ಟಿಪ್ಪಣಿಕಡತ, ಪದಕೋಶದ ದತ್ತಸಂಚಯ ಎಂಬ ರೂಪಗಳಲ್ಲಿರುತ್ತದೆ. ಅವುಗಳನ್ನು ತೆರೆಯಬಲ್ಲ ತಂತ್ರಾಂಶ ಇರುವವರೆಗೆ ಮಾತ್ರ ಅದು ದತ್ತಾಂಶ. ಆಮೇಲೆ ಬರಿಯ ಅಂಕಿಗಳ ರಾಶಿ.

ಇದು ಕಲ್ಪಿತ ಭಯವಲ್ಲ. ಯೂನಿಕೋಡ್ ವ್ಯಾಪಕವಾಗುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ಪ್ರಬಂಧಗಳು, ಪದಪಟ್ಟಿಗಳು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ ಸಂಕೇತನದಲ್ಲಿವೆ. ತಕ್ಕ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಪರಿವರ್ತಕಗಳಿಂದ ಅವನ್ನು ಯೂನಿಕೋಡ್‌ಗೆ ತರಬಹುದಾದರೂ ಒತ್ತಕ್ಷರ, ಅರ್ಕಾವತ್ತು ಮತ್ತು ಧ್ವನಿಲಿಪಿಯ ಚಿಹ್ನೆಗಳಿರುವಲ್ಲಿ ಕೈಯಿಂದ ತಿದ್ದುವ ಕೆಲಸ ತಪ್ಪುವುದಿಲ್ಲ. ಒಂದು ತಲೆಮಾರು ಮಾಡಿಕೊಂಡ ಅನುಕೂಲದ ಆಯ್ಕೆಯ ಬೆಲೆಯನ್ನು ಮುಂದಿನ ತಲೆಮಾರು ತೆರುತ್ತಿದೆ ಎಂಬುದಕ್ಕೆ ಇದು ನಿದರ್ಶನ.

ಈಚಿನ ಮತ್ತೊಂದು ಒತ್ತಡವನ್ನೂ ಇಲ್ಲಿ ಗಮನಿಸಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಿರ್ದಿಷ್ಟ ಭದ್ರತಾ ಚಿಪ್ಪನ್ನೂ ಈಚಿನ ಪೀಳಿಗೆಯ ಸಂಸ್ಕಾರಕವನ್ನೂ ಬೇಡುತ್ತದೆ. ಕಾಲೇಜು ವಿಭಾಗಗಳಲ್ಲಿಯೂ ಸಂಶೋಧನಾ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಇರುವ ಎಷ್ಟೋ ಸುಸ್ಥಿತಿಯ ಯಂತ್ರಗಳು ಈ ಷರತ್ತನ್ನು ಪೂರೈಸಲಾರವು. ಅವನ್ನು ಮೂಲೆಗೆ ಸರಿಸಬೇಕೆ, ಅಥವಾ ಮುಕ್ತ ವ್ಯವಸ್ಥೆಯೊಂದನ್ನು ಅಳವಡಿಸಿ ಇನ್ನೂ ಹಲವು ವರ್ಷ ದುಡಿಸಬಹುದೆ ಎಂಬ ಪ್ರಶ್ನೆ ಈಗ ಕೇವಲ ತಾಂತ್ರಿಕವಾಗಿ ಉಳಿದಿಲ್ಲ.

2. ಕ್ಷೇತ್ರದ ಸ್ವರೂಪ ಮತ್ತು ಅದರ ಬೇಡಿಕೆಗಳು

ಬಸವಕಲ್ಯಾಣ ಮತ್ತು ಹುಮನಾಬಾದ್ ಕರ್ನಾಟಕದ ಈಶಾನ್ಯ ತುದಿಯ ತಾಲ್ಲೂಕುಗಳು. ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿ, ಹನ್ನೆರಡನೆಯ ಶತಮಾನದ ಶರಣ ಚಳವಳಿಯ ನೆಲೆಯಾಗಿ ಬಸವಕಲ್ಯಾಣ ಕನ್ನಡದ ಚರಿತ್ರೆಯಲ್ಲಿ ಕೇಂದ್ರಸ್ಥಾನದಲ್ಲಿದೆ. ಭಾಷಿಕ ಭೂಪಟದಲ್ಲಿ ಮಾತ್ರ ಅದು ಗಡಿಯಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೈದರಾಬಾದ್ ಸಂಸ್ಥಾನದ ಹಳೆಯ ಬೀದರ್ ಜಿಲ್ಲೆ ಒಡೆದು, ಉದಗೀರ್, ನಿಲಂಗಾ ಮುಂತಾದವು ಅಂದಿನ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡ್ ಮುಂತಾದವು ಆಂಧ್ರಪ್ರದೇಶಕ್ಕೂ ಸೇರಿದವು. ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದಿತು. ಗೆರೆ ಎಳೆದುದರಿಂದ ಮಾತುಗಳು ಬೇರ್ಪಡಲಿಲ್ಲ. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ಮತ್ತು ಲಂಬಾಣಿ ಇಲ್ಲಿ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ.

ಇಂಥ ಸನ್ನಿವೇಶದ ಶಾಸ್ತ್ರೀಯ ವಿವರಣೆಯನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಸಾಂಗ್ಲಿ ಜಿಲ್ಲೆಯ ಕುಪ್ವಾಡದ ಮಾತುಗಳನ್ನು ಆಧರಿಸಿ ನೀಡಿದರು. ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳು ಪದಸಂಪತ್ತಿನಲ್ಲಿ ಬೇರೆಯಾಗಿ ಉಳಿದರೂ ವಾಕ್ಯರಚನೆಯಲ್ಲಿ ಬಹುಮಟ್ಟಿಗೆ ಒಂದಾಗಿವೆ ಎಂಬುದು ಅವರ ನಿಲುವು. ಬೀದರ್ ಪರಿಸರದಲ್ಲಿ ಇದೇ ಬಗೆಯ ಪ್ರಶ್ನೆಗಳನ್ನು ಕೇಳುವವರಿಗೆ ಸಾಮಗ್ರಿ ಹೇರಳವಾಗಿದೆ. ಕನ್ನಡದ ‘ಅಂತ’, ಮರಾಠಿಯ ‘ಮ್ಹಣೂನ್’, ದಖನಿಯ ‘ಬೋಲ್ಕೆ’ ಈ ಮೂರೂ ‘ಹೇಳು’ ಅರ್ಥದ ಧಾತುವಿನಿಂದ ಬಂದ ಉಕ್ತಿಸೂಚಕಗಳು. ದಖನಿಯು ನಿಷೇಧದ ‘ನಕ್ಕೊ’ವನ್ನೂ ಒತ್ತಿನ ‘ಇಚ್’ ಪ್ರತ್ಯಯವನ್ನೂ ಮರಾಠಿಯೊಡನೆ ಹಂಚಿಕೊಂಡಿದೆ.

ಈ ಸ್ವರೂಪವು ಗಣಕಯಂತ್ರದ ಮುಂದೆ ಇಡುವ ಬೇಡಿಕೆಗಳನ್ನು ಹೀಗೆ ಗುರುತಿಸಬಹುದು.

ಮೊದಲನೆಯದು, ಬಹುಲಿಪಿತ್ವ. ಒಂದೇ ಸಂಭಾಷಣೆಯ ಟಿಪ್ಪಣಿಯಲ್ಲಿ ಕನ್ನಡ, ದೇವನಾಗರಿ, ಬಲದಿಂದ ಎಡಕ್ಕೆ ಸಾಗುವ ಉರ್ದು ಮತ್ತು ಅಂತರರಾಷ್ಟ್ರೀಯ ಧ್ವನಿಲಿಪಿ ಜೊತೆಯಾಗಿ ಬರಬಹುದು. ಲಂಬಾಣಿಗೆ ಸ್ವಂತ ಲಿಪಿಯಿಲ್ಲ. ಅದನ್ನು ಕರ್ನಾಟಕದಲ್ಲಿ ಕನ್ನಡ, ಮಹಾರಾಷ್ಟ್ರದಲ್ಲಿ ದೇವನಾಗರಿ, ತೆಲಂಗಾಣದಲ್ಲಿ ತೆಲುಗು ಲಿಪಿಯಲ್ಲಿ ಬರೆಯುವ ರೂಢಿಯಿದೆ. ಮೂರು ರಾಜ್ಯಗಳು ಹತ್ತಿರ ಬರುವ ಈ ಪರಿಸರದಲ್ಲಿ ಸಂಶೋಧಕನು ಮೂರನ್ನೂ ಎದುರಿಸಬೇಕಾಗುತ್ತದೆ.

ಎರಡನೆಯದು, ಧ್ವನಿಯ ಗಾತ್ರ. 48 ಕಿಲೋಹರ್ಟ್ಸ್, 24 ಬಿಟ್, ಎರಡು ವಾಹಿನಿಗಳ ಸಂಕುಚಿತವಲ್ಲದ ಧ್ವನಿಮುದ್ರಣ ಸೆಕೆಂಡಿಗೆ 2,88,000 ಬೈಟ್, ಎಂದರೆ ಗಂಟೆಗೆ ಸುಮಾರು 1.04 ಗಿಗಾಬೈಟ್ ಸ್ಥಳ ಬೇಡುತ್ತದೆ. ವಿಡಿಯೊ ಸೇರಿದರೆ ಇದು ಹಲವು ಪಟ್ಟು ಹೆಚ್ಚುತ್ತದೆ.

ಮೂರನೆಯದು, ಸಂಪರ್ಕದ ಅನಿಶ್ಚಿತತೆ. ತಾಂಡಾ ಅಥವಾ ಗಡಿಗ್ರಾಮವೊಂದರಲ್ಲಿ ವಾರಗಟ್ಟಲೆ ನೆಲೆಸುವವನು ಪ್ರತಿ ಕೆಲಸಕ್ಕೂ ಅಂತರ್ಜಾಲವನ್ನು ನೆಚ್ಚುವ ವ್ಯವಸ್ಥೆಯನ್ನು ಇಟ್ಟುಕೊಳ್ಳಲಾಗದು.

ನಾಲ್ಕನೆಯದು, ಗೋಪ್ಯತೆ. ಈ ಭಾಗದ ಹಿರಿಯರಿಂದ ಸಹಜ ಕಥನವನ್ನು ಸಂಗ್ರಹಿಸುವಾಗ 1947–48ರ ರಜಾಕಾರರ ಕಾಲದ ನೆನಪುಗಳು, ಮನೆತನದ ಜಗಳ, ಜಾತಿಯ ಸಂಗತಿಗಳು ತಾವಾಗಿಯೇ ಬರುತ್ತವೆ. ಕ್ರಿಯಾಪದದ ರೂಪಕ್ಕಾಗಿ ಧ್ವನಿಮುದ್ರಿಸಿದುದು ಮಾತಾಡಿದವರ ಪಾಲಿಗೆ ಬದುಕಿನ ಸಂಗತಿ. ಯಂತ್ರ ಕಳವಾದರೂ ಅದು ಅನ್ಯರ ಕೈಗೆ ಸಿಗದಂತೆ ನೋಡಿಕೊಳ್ಳುವುದು ಸಂಶೋಧಕನ ನೈತಿಕ ಹೊಣೆ.

3. ಮೊದಲು ತಂತ್ರಾಂಶ, ಅನಂತರ ವ್ಯವಸ್ಥೆ

ಯಾವ ಲಿನಕ್ಸ್ ಒಳ್ಳೆಯದು ಎಂಬುದು ಹೊಸಬರ ಮೊದಲ ಪ್ರಶ್ನೆಯಾಗಿರುತ್ತದೆ. ಅದಕ್ಕೆ ಮೊದಲು ಕೇಳಬೇಕಾದುದು, ಯಾವ ತಂತ್ರಾಂಶಗಳು ತನಗೆ ಅನಿವಾರ್ಯ ಮತ್ತು ಅವು ಎಲ್ಲಿ ಚೆನ್ನಾಗಿ ನಡೆಯುತ್ತವೆ ಎಂಬುದು.

ಧ್ವನಿವಿಜ್ಞಾನಕ್ಕೆ ಪ್ರಾಟ್ ಸರ್ವಮಾನ್ಯ ಸಾಧನ. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ರೂಪಿಸಿದ ಇದು ಜಿಪಿಎಲ್ ಪರವಾನಗಿಯಡಿ ದೊರೆಯುತ್ತದೆ. ಲಿನಕ್ಸ್‌ನಲ್ಲಿ ಇದು ಹಗುರವಾಗಿ ನಡೆಯುತ್ತದೆ. ಧ್ವನಿಲಿಪಿ ಸರಿಯಾಗಿ ಕಾಣಲು ಚಾರಿಸ್ ಮತ್ತು ಡೌಲೋಸ್ ಎಂಬ ಅಕ್ಷರಶೈಲಿಗಳು ಯಂತ್ರದಲ್ಲಿರಬೇಕು. ವಿತರಣೆಯ ಭಂಡಾರದಲ್ಲಿರುವ ಪ್ರಾಟ್ ಹಳೆಯದಾಗಿರುವ ಸಂಭವವಿರುವುದರಿಂದ ಅಧಿಕೃತ ತಾಣದ ಆವೃತ್ತಿಯನ್ನು ಬಳಸಿ, ಆವೃತ್ತಿಯ ಸಂಖ್ಯೆಯನ್ನು ಪ್ರಬಂಧದ ವಿಧಾನದ ಭಾಗದಲ್ಲಿ ದಾಖಲಿಸುವುದು ಉತ್ತಮ. ಕನ್ನಡ ಬಳಸುವವರು ಗಮನಿಸಬೇಕಾದ ಅಂಶ ಇನ್ನೊಂದಿದೆ. ಪ್ರಾಟ್‌ನ ಹಲವು ಆವೃತ್ತಿಗಳಲ್ಲಿ ಪೂರ್ವನಿಯೋಜಿತ ಏರ್ಪಾಡು ರೋಮನ್ನೇತರ ಅಕ್ಷರವಿರುವ ಟಿಪ್ಪಣಿಕಡತವನ್ನು ಯುಟಿಎಫ್-16ರಲ್ಲಿ ಉಳಿಸುತ್ತದೆ. ಪೈಥಾನ್ ಅಥವಾ ಆರ್ ಭಾಷೆಯ ಬರಹಗಳು ಯುಟಿಎಫ್-8 ಎಂದು ಭಾವಿಸಿ ಓದಿದಾಗ ಎಡವುತ್ತವೆ. ಬರಹದ ಆದ್ಯತೆಯನ್ನು ಮೊದಲ ದಿನವೇ ಯುಟಿಎಫ್-8ಕ್ಕೆ ಬದಲಾಯಿಸಿದರೆ ಮುಂದಿನ ತೊಡಕು ತಪ್ಪುತ್ತದೆ.

ಕಾಲಬದ್ಧ ಟಿಪ್ಪಣಿಗೆ ನೈಮೇಗನ್‌ನ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯ ಇಲಾನ್ ಬಳಕೆಯಲ್ಲಿದೆ. ಜಾವಾ ಆಧಾರಿತವಾದ ಇದು ಮೂರೂ ಪ್ರಮುಖ ವ್ಯವಸ್ಥೆಗಳಲ್ಲಿ ನಡೆಯುತ್ತದೆ. ಇದರ ಕಡತ ಎಕ್ಸ್‌ಎಂಎಲ್ ರೂಪದ್ದಾದುದರಿಂದ ಇಲಾನ್ ಇಲ್ಲದಿದ್ದರೂ ಓದಬಹುದು. ಉತ್ತರ ಕರ್ನಾಟಕದ ಉಪಭಾಷೆಗಳಲ್ಲಿ ‘ಮಾಡಲಿಕ್ಕೆ ಹತ್ತಿದ್ದಾನೆ’ ಎಂಬ ರಚನೆ ‘ಮಾಡ್ಲಿಕ್ಕತ್ತಾನ’, ‘ಮಾಡ್ಲಾಕತ್ತಾನ’, ‘ಮಾಡ್ಲತ್ತಾನ’ ಎಂದು ಸವೆಯುತ್ತ ಸಾಗುವುದನ್ನು ಅಧ್ಯಯನ ಮಾಡುವವರಿಗೆ, ಒಂದೊಂದು ರೂಪ ಯಾವ ವಕ್ತೃವಿನ ಮಾತಿನಲ್ಲಿ, ಯಾವ ವೇಗದಲ್ಲಿ ಬಂದಿತೆಂಬುದನ್ನು ಧ್ವನಿಯೊಡನೆ ಕೂಡಿಸಿ ಹುಡುಕುವ ಸೌಲಭ್ಯ ಅತ್ಯಗತ್ಯ. ಲಿನಕ್ಸ್‌ನಲ್ಲಿ ಇಲಾನ್ ವಿಡಿಯೊ ತೋರಿಸಲು ವಿಎಲ್‌ಸಿಯನ್ನು ಆಶ್ರಯಿಸುತ್ತದೆ. ಪ್ರತ್ಯೇಕ ಆವರಣದೊಳಗೆ ನಡೆಯುವ ಸ್ನ್ಯಾಪ್ ರೂಪದ ವಿಎಲ್‌ಸಿಯ ಗ್ರಂಥಾಲಯಗಳು ಹೊರಗಿನ ತಂತ್ರಾಂಶಕ್ಕೆ ಸುಲಭವಾಗಿ ಕಾಣವು; ಆದುದರಿಂದ ವಿತರಣೆಯ ಸಾಮಾನ್ಯ ಭಂಡಾರದಿಂದಲೇ ವಿಎಲ್‌ಸಿಯನ್ನು ಪಡೆಯುವುದು ಕ್ಷೇಮ.

ತೊಡಕಿರುವುದು ಪದಕೋಶ ಮತ್ತು ಆಕೃತಿಮಾ ವಿಶ್ಲೇಷಣೆಯ ತಂತ್ರಾಂಶಗಳಲ್ಲಿ. ಎಸ್‌ಐಎಲ್ ಸಂಸ್ಥೆಯ ಫೀಲ್ಡ್‌ವರ್ಕ್ಸ್‌ನ ಆಕರಸಂಕೇತ ಮುಕ್ತವಾಗಿದ್ದರೂ ಅದು ಪ್ರಧಾನವಾಗಿ ವಿಂಡೋಸ್‌ಗಾಗಿ ಬೆಳೆದುದು. ಲಿನಕ್ಸ್‌ಗೆ ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ ದೊರೆತರೂ ಆ ಆವೃತ್ತಿ ವಿಂಡೋಸ್ ಆವೃತ್ತಿಗಿಂತ ಹಿಂದುಳಿಯುತ್ತ ಬಂದಿದೆ. ಧ್ವನಿಕಡತ ಮತ್ತು ಅಧಿದತ್ತಾಂಶಗಳನ್ನು ಜೋಡಿಸುವ ಸೇಮೋರ್ ವಿಂಡೋಸ್‌ಗೆ ಸೀಮಿತ. ಹಳೆಯ ಟೂಲ್‌ಬಾಕ್ಸ್ ವೈನ್ ಎಂಬ ಮಧ್ಯವರ್ತಿ ಪದರದ ಮೂಲಕ ನಡೆಯಬಲ್ಲದು. ಹೊಸಬರು ಅದನ್ನು ನೆಚ್ಚಿ ಸಂಶೋಧನೆ ಆರಂಭಿಸುವುದು ಸರಿಯಲ್ಲ. ತಂತ್ರಾಂಶ ಮುಕ್ತವಾಗಿರುವುದು ಬೇರೆ, ಅದು ನಿಂತಿರುವ ವ್ಯವಸ್ಥೆ ಮುಕ್ತವಾಗಿರುವುದು ಬೇರೆ ಎಂಬ ಭೇದ ಇಲ್ಲಿ ಸ್ಪಷ್ಟವಾಗುತ್ತದೆ. ಪ್ರಬಂಧದ ತಿರುಳೇ ಲಂಬಾಣಿ ಪದಕೋಶವಾಗಿದ್ದರೆ ಮತ್ತು ಮಾರ್ಗದರ್ಶಕರೂ ಸಹಪಾಠಿಗಳೂ ಫೀಲ್ಡ್‌ವರ್ಕ್ಸ್ ಬಳಸುತ್ತಿದ್ದರೆ, ಪೂರ್ಣವಾಗಿ ಲಿನಕ್ಸ್‌ಗೆ ದಾಟುವುದು ವಿವೇಕವಲ್ಲ. ಧ್ವನಿವಿಜ್ಞಾನ, ಸಂಕೇತಪಲ್ಲಟ ಅಥವಾ ಸಂಭಾಷಣಾ ವಿಶ್ಲೇಷಣೆ ತಿರುಳಾಗಿದ್ದರೆ ಅಂಥ ತಡೆ ಇಲ್ಲ.

ಉಳಿದ ಆಡಾಸಿಟಿ, ಲಿಬ್ರೆಆಫೀಸ್, ಜೊಟೆರೊ, ಆರ್, ಪೈಥಾನ್, ಜೀಲಾಟೆಕ್ ಮುಂತಾದವು ಲಿನಕ್ಸ್‌ನಲ್ಲಿ ತೊಂದರೆಯಿಲ್ಲದೆ ನಡೆಯುತ್ತವೆ. ಆಂಟ್‌ಕಾಂಕ್‌ಗೂ ಲಿನಕ್ಸ್ ಆವೃತ್ತಿಯಿದೆ. ಆದರೆ ಅದು ಉಚಿತವೇ ಹೊರತು ಮುಕ್ತವಲ್ಲ.

4. ಕನ್ನಡ ಪಠ್ಯದ ನಿರ್ವಹಣೆ

ಸಾಮಾನ್ಯ ಕೈಪಿಡಿಗಳು ಹೇಳದಿರುವ, ಆದರೆ ಕನ್ನಡದ ದತ್ತಾಂಶಕ್ಕೆ ನಿರ್ಣಾಯಕವಾದ ಕೆಲವು ಸಂಗತಿಗಳಿವೆ.

ಕೀಲಿಮಣೆ. ಲಿನಕ್ಸ್‌ನಲ್ಲಿ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ವಿನ್ಯಾಸದ ಜೊತೆಗೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ವಿನ್ಯಾಸವೂ ಇದೆ. ನುಡಿಯಲ್ಲಿ ಬೆರಳಚ್ಚು ಕಲಿತವರು ಹೊಸದಾಗಿ ಕಲಿಯಬೇಕಾದುದು ಅಲ್ಪ. ವ್ಯವಸ್ಥೆಯ ಮೂಲ ಕೀಲಿಮಣೆಯಾಗಿ ಬರುವ ಕಗಪಕ್ಕೂ ಐಬಸ್ ಎಂಬ ಊಡಿಕೆ ಸಾಧನದ ಮೂಲಕ ಬರುವ ಕಗಪಕ್ಕೂ ಸ್ವರಚಿಹ್ನೆಗಳ ವಿಷಯದಲ್ಲಿ ವ್ಯತ್ಯಾಸವಿರುವುದರಿಂದ ಎರಡನ್ನೂ ಪರೀಕ್ಷಿಸಿ ಒಂದನ್ನು ಆರಿಸಿಕೊಳ್ಳಬೇಕು. ಧ್ವನಿಲಿಪಿಗೆ ಐಬಸ್‌ನಲ್ಲಿಯೇ ವಿನ್ಯಾಸಗಳಿವೆ. ಕೀಮನ್ ತಂತ್ರಾಂಶದ ಲಿನಕ್ಸ್ ಆವೃತ್ತಿಯೂ ಮುಕ್ತವಾಗಿ ಸಿಗುತ್ತದೆ.

ಅಕ್ಷರಶೈಲಿ. ಲೋಹಿತ್ ಕನ್ನಡ, ನೋಟೊ, ಗುಬ್ಬಿ, ನವಿಲು ಇವು ಡೆಬಿಯನ್ ಮತ್ತು ಅದರ ಸಂತತಿಯ ಭಂಡಾರಗಳಲ್ಲಿವೆ. ಉರ್ದುವಿಗೆ ನೋಟೊ ನಸ್ತಲೀಕ್ ಬೇಕು. ‘ಫ಼’, ‘ಜ಼’ ಎಂದು ನುಕ್ತದೊಡನೆ ಬರೆಯುವವರು ಆಯ್ದ ಅಕ್ಷರಶೈಲಿಯಲ್ಲಿ ಚುಕ್ಕೆ ಸರಿಯಾದ ಸ್ಥಾನದಲ್ಲಿ ಕೂರುತ್ತದೆಯೇ ಎಂಬುದನ್ನು ನೋಡಬೇಕು.

ಸಮರೂಪತೆ. ಕಣ್ಣಿಗೆ ಒಂದೇ ಆಗಿ ಕಾಣುವ ‘ಕೊ’ ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿರಬಹುದು: ‘ಕ’ದ ಮುಂದೆ ಒಂದೇ ಸ್ವರಚಿಹ್ನೆ, ಅಥವಾ ಎ-ಕಾರ ಮತ್ತು ಊ-ಕಾರಗಳ ಎರಡು ಚಿಹ್ನೆ. ಹಾಗೆಯೇ ‘ರ್‍ಯ’ ಎಂಬಲ್ಲಿ ಕಾಣದ ಜೋಡಕವೊಂದು ಅಡಗಿರುತ್ತದೆ. ಅದಿಲ್ಲದಿದ್ದರೆ ಅರ್ಕಾವತ್ತಿನ ‘ರ್ಯ’ ಮೂಡುತ್ತದೆ. ಇಬ್ಬರು ಸಹಾಯಕರು ಭಿನ್ನ ಯಂತ್ರಗಳಲ್ಲಿ ಲಿಪ್ಯಂತರ ಮಾಡಿದರೆ ಒಂದೇ ಪದ ಎರಡಾಗಿ ಎಣಿಕೆಗೆ ಬರುತ್ತದೆ. ಆವೃತ್ತಿ ಎಣಿಕೆಯನ್ನು ಆಧರಿಸಿದ ತೀರ್ಮಾನವೇ ಇದರಿಂದ ತಪ್ಪಬಹುದು. ಪಠ್ಯವನ್ನೆಲ್ಲ ಸಂಯುಕ್ತ ಸಾಮಾನ್ಯೀಕರಣ ರೂಪಕ್ಕೆ ತಂದ ಮೇಲೆಯೇ ಎಣಿಸಬೇಕು. ಆದರೆ ಸಾಮಾನ್ಯೀಕರಣವು ಕಾಣದ ಜೋಡಕವನ್ನು ತೆಗೆಯುವುದಿಲ್ಲ. ಅದನ್ನು ಪ್ರತ್ಯೇಕವಾಗಿ ನಿರ್ವಹಿಸಬೇಕು.

ಅಕಾರಾದಿ. ಯೂನಿಕೋಡ್ ಸ್ಥಾನಸಂಖ್ಯೆಯಲ್ಲಿ ‘ಳ’ವು ‘ವ’ಕ್ಕಿಂತ ಮೊದಲು ಬರುತ್ತದೆ, ಕನ್ನಡ ವರ್ಣಮಾಲೆಯಲ್ಲಿ ಅದು ಕೊನೆಯದು. ವ್ಯವಸ್ಥೆಯ ಪ್ರಾದೇಶಿಕ ಏರ್ಪಾಡು ಸ್ಥಾನಸಂಖ್ಯೆಯನ್ನೇ ಅನುಸರಿಸಿದರೆ ಪದಪಟ್ಟಿಯ ಕ್ರಮ ಕೆಡುತ್ತದೆ. ‘ಳ’ ಮತ್ತು ‘ವ’ಗಳಿರುವ ಐದಾರು ಪದಗಳ ಪಟ್ಟಿಯನ್ನು ವಿಂಗಡಿಸಿ ನೋಡುವುದು ಸರಳ ಪರೀಕ್ಷೆ.

ಕಡತದ ಹೆಸರು. ಲಿನಕ್ಸ್‌ನ ಸಾಮಾನ್ಯ ಕಡತವ್ಯವಸ್ಥೆಯಾದ ಎಕ್ಸ್ಟ್4ರಲ್ಲಿ ಹೆಸರಿನ ಮಿತಿ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ 85 ಸಂಕೇತಗಳಿಗಿಂತ ಉದ್ದದ ಹೆಸರು ನಿಲ್ಲದು. ಊರು, ವಕ್ತೃ, ವಿಷಯ, ದಿನಾಂಕಗಳನ್ನೆಲ್ಲ ಕನ್ನಡದಲ್ಲಿ ಒಂದೇ ಹೆಸರಿಗೆ ತುಂಬಿದರೆ ಈ ಮಿತಿ ಬೇಗ ಎದುರಾಗುತ್ತದೆ. ಇದಲ್ಲದೆ ಲಿನಕ್ಸ್ ರೋಮನ್ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳನ್ನು ಬೇರೆಯೆಂದೇ ಪರಿಗಣಿಸುತ್ತದೆ. ಧ್ವನಿಮುದ್ರಕವು ದೊಡ್ಡಕ್ಷರದ ಅಂತ್ಯಪ್ರತ್ಯಯ ಕೊಟ್ಟ ಕಡತವನ್ನು ಟಿಪ್ಪಣಿಕಡತವು ಸಣ್ಣಕ್ಷರದಲ್ಲಿ ಉಲ್ಲೇಖಿಸಿದ್ದರೆ ವಿಂಡೋಸ್‌ನಲ್ಲಿ ಸರಿಯಾಗಿ ತೆರೆದುದು ಲಿನಕ್ಸ್‌ನಲ್ಲಿ ಧ್ವನಿ ಸಿಗುತ್ತಿಲ್ಲವೆಂದು ದೂರುತ್ತದೆ. ಚಿಕ್ಕ, ಏಕರೂಪದ ಹೆಸರು ಕೊಡುವುದು, ಧ್ವನಿ ಮತ್ತು ಟಿಪ್ಪಣಿಗಳನ್ನು ಒಂದೇ ಕಡತಕೋಶದಲ್ಲಿ ಇಡುವುದು, ವಿವರಗಳನ್ನು ಅಧಿದತ್ತಾಂಶದ ಪಟ್ಟಿಗೆ ಬಿಡುವುದು ಇದಕ್ಕೆ ಪರಿಹಾರ.

5. ವಿತರಣೆಗಳ ತೌಲನಿಕ ವಿವೇಚನೆ

ಲಿನಕ್ಸ್ ಎಂಬುದು ಕರ್ನೆಲ್‌ನ ಹೆಸರು. ಬಳಕೆದಾರನ ಕೈಗೆ ಬರುವುದು ಅದರ ಮೇಲೆ ಕಟ್ಟಿದ ವಿತರಣೆ. ಹೊಸಬರ ದೃಷ್ಟಿಯಿಂದ ಅಳೆಯಬೇಕಾದುವು ಐದು: ಬೆಂಬಲದ ಅವಧಿ, ಹಳೆಯ ಯಂತ್ರದಲ್ಲಿ ನಡೆಯುವ ಗುಣ, ಕನ್ನಡದ ಊಡಿಕೆ, ಕಲಿಯುವ ಶ್ರಮ, ಅಂತರ್ಜಾಲವಿಲ್ಲದೆ ನಿರ್ವಹಿಸುವ ಅನುಕೂಲ.

ಉಬುಂಟು 2004ರಿಂದ ಇದೆ. ಎರಡು ವರ್ಷಕ್ಕೊಮ್ಮೆ ಬರುವ ಇದರ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷಗಳ ಸಾಮಾನ್ಯ ಬೆಂಬಲವಿದೆ, ಒಂದು ಪಿಎಚ್.ಡಿ. ಅವಧಿಗೆ ಅದು ಸಾಕು. ಕಲಿಕೆಯ ಸಾಮಗ್ರಿ ಹೇರಳ. ಸ್ನ್ಯಾಪ್ ರೂಪದ ತಂತ್ರಾಂಶಗಳ ಮೇಲಿನ ಒತ್ತು ಮತ್ತು ಹಳೆಯ ಯಂತ್ರಗಳಿಗೆ ಭಾರವೆನಿಸುವ ಡೆಸ್ಕ್‌ಟಾಪ್ ಇದರ ಮಿತಿಗಳು.

ಲಿನಕ್ಸ್ ಮಿಂಟ್ ಉಬುಂಟುವಿನ ದೀರ್ಘಾವಧಿ ಆವೃತ್ತಿಯನ್ನೇ ತಳಹದಿಯಾಗಿ ಇಟ್ಟುಕೊಂಡಿದೆ. 2024ರ ಜುಲೈನಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ. ಕನಿಷ್ಠ 2 ಗಿಗಾಬೈಟ್ ಸ್ಮೃತಿ ಬೇಕು, 4 ಇದ್ದರೆ ಸುಖ. ಸಿನಮನ್ ಡೆಸ್ಕ್‌ಟಾಪ್‌ನ ವಿನ್ಯಾಸ ವಿಂಡೋಸ್ ಬಳಸಿ ರೂಢಿಯಾದವರಿಗೆ ಅಪರಿಚಿತವಾಗದು. ಯಂತ್ರ ತೀರ ದುರ್ಬಲವಾಗಿದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿಯಿದೆ. ಸ್ನ್ಯಾಪ್ ಇಲ್ಲಿ ಪೂರ್ವನಿಯೋಜಿತವಲ್ಲ. ಊಡಿಕೆಯ ಸಾಧನವನ್ನು ಅಳವಡಿಸಲು ಪ್ರತ್ಯೇಕ ಕಿಟಕಿಯೇ ಇರುವುದರಿಂದ ಆದೇಶಸಾಲನ್ನು ಮುಟ್ಟದೆ ಕನ್ನಡ ಬರೆಯತೊಡಗಬಹುದು.

ಡೆಬಿಯನ್ ಇವೆರಡರ ಮೂಲ. ಸ್ಥಿರತೆ ಇದರ ಹೆಗ್ಗುರುತು. ಸ್ಥಾಪಕದಲ್ಲಿಯೇ ಕನ್ನಡವನ್ನು ಆರಿಸಿಕೊಳ್ಳಬಹುದು. ವಿಭಾಗದ ಪ್ರಯೋಗಾಲಯ, ಧ್ವನಿಸಂಗ್ರಹದ ಯಂತ್ರ ಮುಂತಾದ, ಒಬ್ಬ ಬಲ್ಲವರ ಉಸ್ತುವಾರಿಯಲ್ಲಿರುವ ಕಡೆ ಇದು ಶ್ರೇಷ್ಠ. ಮೊದಲ ಬಾರಿಗೆ ಲಿನಕ್ಸ್ ಮುಟ್ಟುವವರಿಗೆ ಆರಂಭದ ಏರ್ಪಾಡು ಸ್ವಲ್ಪ ಹೆಚ್ಚೆನಿಸಬಹುದು. ಫೆಡೋರ ತಾಂತ್ರಿಕವಾಗಿ ಮುಂದಿದ್ದರೂ ಒಂದೊಂದು ಆವೃತ್ತಿಗೆ ಸುಮಾರು 13 ತಿಂಗಳ ಬೆಂಬಲ ಮಾತ್ರ. ದತ್ತಾಂಶ ಸಂಗ್ರಹದ ನಡುವೆ ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸುವುದು ಯಾರಿಗೂ ಬೇಡವಾದ ಕೆಲಸ.

ಭಾರತದ ಪ್ರಯತ್ನಗಳನ್ನೂ ಗಮನಿಸಬೇಕು. ಸಿ-ಡ್ಯಾಕ್ ಡೆಬಿಯನ್ ಆಧರಿಸಿ ರೂಪಿಸಿದ ಬಾಸ್ ಲಿನಕ್ಸ್ 2007ರಲ್ಲಿ ಮೊದಲು ಬಿಡುಗಡೆಯಾಯಿತು. ಭಾರತೀಯ ಭಾಷೆಗಳ ಬೆಂಬಲ ಅದರ ಉದ್ದೇಶಗಳಲ್ಲೊಂದು. ಆದರೆ ತೊಡಕು ಬಂದಾಗ ನೆರವಾಗುವ ಬಳಕೆದಾರರ ಸಮುದಾಯ ಉಬುಂಟು, ಮಿಂಟ್‌ಗಳಿಗಿರುವಷ್ಟು ದೊಡ್ಡದಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಮುಂದೆ ಶಾಲೆಗಳಿಗಾಗಿ ಉಬುಂಟು ಆಧಾರಿತ ವಿತರಣೆಯನ್ನು ಸಿದ್ಧಪಡಿಸಿತು; ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಅದರ ವ್ಯಾಪ್ತಿಯಲ್ಲಿವೆ. ಕನ್ನಡದಲ್ಲಿ ಕಲಿಯುವ ಮಕ್ಕಳಿಗೆ ಲಿನಕ್ಸ್ ಕಷ್ಟವಲ್ಲವೆಂದಾದರೆ ಸಂಶೋಧಕರಿಗೆ ಕಷ್ಟವೆಂಬ ವಾದ ನಿಲ್ಲದು.

ಭಾಷಾಕ್ಷೇತ್ರದಲ್ಲಿ ದುಡಿಯುವವರಿಗಾಗಿಯೇ ಉಬುಂಟು ಆಧರಿಸಿ ರೂಪಿಸಿದ ವಸ್ತಾ ಲಿನಕ್ಸ್ ಕೂಡ ಉಲ್ಲೇಖಾರ್ಹ. ಎಸ್‌ಐಎಲ್‌ನ ಭಂಡಾರವನ್ನು ಮೊದಲೇ ಜೋಡಿಸಿರುವುದು, ಸಂಪರ್ಕವಿರುವ ಯಂತ್ರದಿಂದ ಪೆನ್‌ಡ್ರೈವ್ ಮೂಲಕ ತಂತ್ರಾಂಶಗಳನ್ನು ಸಂಪರ್ಕವಿಲ್ಲದ ಯಂತ್ರಕ್ಕೆ ಒಯ್ಯುವ ಸಾಧನವನ್ನು ಒದಗಿಸಿರುವುದು ಇದರ ವೈಶಿಷ್ಟ್ಯ. ಸಾಮಾನ್ಯ ಡೆಬಿಯನ್ ಸಂತತಿಯ ವ್ಯವಸ್ಥೆಗಳಲ್ಲಿ ಇದೇ ಕೆಲಸಕ್ಕೆ ಆಪ್ಟ್-ಆಫ್‌ಲೈನ್ ಎಂಬ ಸಾಧನವಿದೆ. ವಸ್ತಾದ ಬಳಕೆದಾರರ ಬಳಗ ಚಿಕ್ಕದಾದುದರಿಂದ, ಅದರ ಕಲ್ಪನೆಯನ್ನು ಸ್ವೀಕರಿಸಿ ಮಿಂಟ್‌ನ ಮೇಲೆ ಅನ್ವಯಿಸುವುದು ಹೆಚ್ಚು ಬಾಳುವ ದಾರಿಯೆಂದು ತೋರುತ್ತದೆ.

ಒಟ್ಟಿನಲ್ಲಿ, ಸ್ವಂತ ಯಂತ್ರದಲ್ಲಿ ಮೊದಲ ಬಾರಿಗೆ ಮುಕ್ತ ವ್ಯವಸ್ಥೆಯನ್ನು ಅಳವಡಿಸುವ ಸಂಶೋಧಕನಿಗೆ ಮಿಂಟ್. ವಿಭಾಗದ ಸಾಮೂಹಿಕ ಯಂತ್ರಗಳಿಗೆ ಡೆಬಿಯನ್. ಫೀಲ್ಡ್‌ವರ್ಕ್ಸ್ ಕೇಂದ್ರಿತ ಯೋಜನೆಗೆ ವಿಂಡೋಸ್ ಯಂತ್ರವೊಂದು, ಅದರ ಜೊತೆಗೆ ಉಳಿದ ಕೆಲಸಗಳಿಗೆ ಮಿಂಟ್.

6. ಸ್ಥಾಪನೆಗೆ ಮೊದಲಿನ ಪರೀಕ್ಷೆ

ಮಿಂಟ್, ಉಬುಂಟುಗಳನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಯಂತ್ರದೊಳಗಿನ ಯಾವುದೂ ಬದಲಾಗುವುದಿಲ್ಲ. ಈ ಸೌಲಭ್ಯವನ್ನು ಕುತೂಹಲಕ್ಕಲ್ಲ, ಕ್ರಮಬದ್ಧ ಪರೀಕ್ಷೆಗೆ ಬಳಸಬೇಕು.

ಒಂದು: ವೈಫೈ, ಪ್ರೊಜೆಕ್ಟರ್, ಮುದ್ರಕ ಕೆಲಸ ಮಾಡುತ್ತವೆಯೆ? ಕೆಲವು ವೈಫೈ ಚಿಪ್ಪುಗಳಿಗೆ ಪ್ರತ್ಯೇಕ ಚಾಲಕ ಬೇಕಾಗುತ್ತದೆ.

ಎರಡು: ಹೊರಗಿನ ಮೈಕ್ರೊಫೋನ್‌ನಿಂದ ಒಂದು ನಿಮಿಷ ಧ್ವನಿ ಮುದ್ರಿಸಿ, ಪ್ರಾಟ್‌ನಲ್ಲಿ ತೆರೆದು, ಗುಂಯ್ಗುಡುವ ಸದ್ದು ಇದೆಯೇ ಎಂದು ವರ್ಣಪಟಲದಲ್ಲಿ ನೋಡಬೇಕು. ಧ್ವನಿಮುದ್ರಕದ ಮೆಮೊರಿ ಕಾರ್ಡು ತೆರೆಯುತ್ತದೆಯೇ ಎಂಬುದನ್ನೂ ಈಗಲೇ ಪರಿಶೀಲಿಸಬೇಕು. ದೊಡ್ಡ ಕಾರ್ಡುಗಳ ಎಕ್ಸ್‌ಫ್ಯಾಟ್ ರೂಪಕ್ಕೆ 2019ರ 5.4 ಆವೃತ್ತಿಯಿಂದ ಲಿನಕ್ಸ್ ಕರ್ನೆಲ್‌ನಲ್ಲಿಯೇ ಬೆಂಬಲವಿದೆ.

ಮೂರು: ಪಠ್ಯಸಂಪಾದಕದಲ್ಲಿ ಕನ್ನಡ, ದೇವನಾಗರಿ, ಉರ್ದು, ಧ್ವನಿಲಿಪಿಗಳನ್ನು ಒಂದೇ ಸಾಲಿನಲ್ಲಿ ಬರೆಯಬೇಕು. ಅದೇ ಸಾಲನ್ನು ಇಲಾನ್‌ನ ಟಿಪ್ಪಣಿ ಪದರದಲ್ಲಿ ಬರೆದು ನೋಡಬೇಕು. ಸಂಪಾದಕದಲ್ಲಿ ನಡೆದ ಊಡಿಕೆ ಜಾವಾ ಆಧಾರಿತ ತಂತ್ರಾಂಶದಲ್ಲಿ ಅಥವಾ ಪ್ರತ್ಯೇಕ ಆವರಣದಲ್ಲಿ ನಡೆಯುವ ತಂತ್ರಾಂಶದಲ್ಲಿ ನಡೆಯದಿರುವುದುಂಟು.

ನಾಲ್ಕು: ವಿಂಡೋಸ್‌ನಲ್ಲಿ ಸಿದ್ಧಪಡಿಸಿದ ಹಳೆಯ ಟಿಪ್ಪಣಿಕಡತವೊಂದನ್ನು ಅದರ ಧ್ವನಿಯೊಡನೆ ತೆರೆದು, ತಿದ್ದಿ, ಉಳಿಸಿ, ಮತ್ತೆ ವಿಂಡೋಸ್‌ನಲ್ಲಿ ತೆರೆಯಬೇಕು. ಹೋಗಿಬರುವ ಈ ಪಯಣದಲ್ಲಿ ಏನೂ ಕಳೆಯದಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಸ್ಥಾಪಿಸುವಾಗ ಪೂರ್ಣ ಡಿಸ್ಕಿನ ಗೂಢಲಿಪೀಕರಣವನ್ನು ಆರಿಸಿಕೊಳ್ಳಬೇಕು. ಎರಡನೆಯ ಭಾಗದಲ್ಲಿ ಹೇಳಿದ ಗೋಪ್ಯತೆಯ ಹೊಣೆಗೆ ಇದು ಕನಿಷ್ಠ ಉತ್ತರ. ವಿಂಡೋಸ್ ಜೊತೆಯಲ್ಲಿ ಉಳಿಯಬೇಕಾದರೆ ಬಿಟ್‌ಲಾಕರ್‌ನ ಮರುಪ್ರಾಪ್ತಿ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಇಡೀ ದತ್ತಾಂಶದ ಎರಡು ಪ್ರತಿಗಳು ಎರಡು ಬೇರೆ ಸ್ಥಳಗಳಲ್ಲಿ ಇರುವ ಮುನ್ನ ಸ್ಥಾಪನೆಗೆ ಕೈಹಾಕಬಾರದು. ನಕಲು ಸರಿಯಾಗಿದೆಯೆಂದು ತಿಳಿಯಲು ಲಿನಕ್ಸ್‌ನಲ್ಲಿ ಮೊದಲೇ ಇರುವ ಪರಿಶೀಲನಾ ಮೊತ್ತದ ಆದೇಶಗಳು ಸಾಕು.

7. ಆಕ್ಷೇಪಗಳು

ಮುಕ್ತ ತಂತ್ರಾಂಶಗಳೆಲ್ಲ ವಿಂಡೋಸ್‌ನಲ್ಲಿಯೂ ನಡೆಯುವಾಗ ವ್ಯವಸ್ಥೆಯನ್ನು ಬದಲಿಸುವುದೇಕೆ ಎಂಬ ಆಕ್ಷೇಪ ನ್ಯಾಯವಾದುದು. ದತ್ತಾಂಶದ ಬಾಳಿಕೆಗೆ ವ್ಯವಸ್ಥೆಗಿಂತ ಕಡತರೂಪ ಮುಖ್ಯ. ಸಂಕುಚಿತವಲ್ಲದ ಧ್ವನಿ, ಎಕ್ಸ್‌ಎಂಎಲ್, ಯುಟಿಎಫ್-8 ಪಠ್ಯ ಇವುಗಳಲ್ಲಿ ಉಳಿಸಿದುದು ಯಾವ ವ್ಯವಸ್ಥೆಯಲ್ಲಿ ಸಿದ್ಧವಾದರೂ ಉಳಿಯುತ್ತದೆ. ಒಳ್ಳೆಯ ಯಂತ್ರ, ಬೆಂಬಲವಿರುವ ವಿಂಡೋಸ್ ಇದ್ದವರು ರೂಪಗಳ ಬಗ್ಗೆ ಎಚ್ಚರವಹಿಸಿ ಅಲ್ಲಿಯೇ ಇರಬಹುದು. ಪ್ರಸ್ತುತ ವಾದವು ಬೆಂಬಲ ಕಳೆದುಕೊಂಡ ಯಂತ್ರವನ್ನು ಉಳಿಸಿಕೊಳ್ಳಬೇಕಾದವರಿಗೆ, ಪರವಾನಗಿಗೆ ಹಣ ತೆರಲಾಗದವರಿಗೆ ಮತ್ತು ವಿಭಾಗದ ಹತ್ತಾರು ಯಂತ್ರಗಳಲ್ಲಿ ಒಂದೇ ಪರಿಸರ ಬಯಸುವವರಿಗೆ ಹೆಚ್ಚು ಅನ್ವಯಿಸುತ್ತದೆ.

ನೆರವು ನೀಡುವವರು ಸಮೀಪದಲ್ಲಿಲ್ಲ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ತಾಂತ್ರಿಕ ಉತ್ತರವಿಲ್ಲ, ಸಾಂಸ್ಥಿಕ ಉತ್ತರವಿದೆ. ಒಬ್ಬೊಬ್ಬರು ಒಂದೊಂದು ವಿತರಣೆಯನ್ನು ಹಿಡಿದರೆ ಪ್ರತಿಯೊಬ್ಬರೂ ಒಂಟಿ. ಕಲಬುರಗಿ, ಬೀದರ್ ಭಾಗದ ವಿಭಾಗಗಳು ಒಂದೇ ವಿತರಣೆಯ ಒಂದೇ ಆವೃತ್ತಿಯನ್ನು ಒಪ್ಪಿಕೊಂಡು, ಅಳವಡಿಸಿದ ಕ್ರಮವನ್ನು ಕನ್ನಡದಲ್ಲಿ ಬರೆದಿಟ್ಟರೆ ಹಿಂದಿನ ವರ್ಷದ ವಿದ್ಯಾರ್ಥಿಯೇ ಮುಂದಿನ ವರ್ಷದವರಿಗೆ ನೆರವಾಗುತ್ತಾನೆ. ಹೊಸಬರಿಗೆ ಸುಲಭವಾದ ವ್ಯವಸ್ಥೆಯೆಂದರೆ ಕೊನೆಗೆ, ಪಕ್ಕದಲ್ಲಿರುವವರೂ ಬಳಸುವ ವ್ಯವಸ್ಥೆ.

8. ಉಪಸಂಹಾರ

ಕಾರ್ಯಾಚರಣ ವ್ಯವಸ್ಥೆಯ ಆಯ್ಕೆ ಸಂಶೋಧನಾ ವಿಧಾನದ ಭಾಗ. ಪದದ ಎಣಿಕೆ, ಅಕಾರಾದಿಯ ಕ್ರಮ, ಧ್ವನಿ ಮತ್ತು ಟಿಪ್ಪಣಿಗಳ ಸಂಬಂಧ, ವಕ್ತೃವಿನ ಗೋಪ್ಯತೆ ಎಲ್ಲವೂ ಅದನ್ನು ಅವಲಂಬಿಸಿವೆ. ಆದುದರಿಂದ ಬಳಸಿದ ವ್ಯವಸ್ಥೆ, ತಂತ್ರಾಂಶಗಳ ಆವೃತ್ತಿ, ಪಠ್ಯದ ಸಂಕೇತನ ಮತ್ತು ಸಾಮಾನ್ಯೀಕರಣದ ರೂಪವನ್ನು ಪಿಎಚ್.ಡಿ. ಪ್ರಬಂಧಗಳು ವಿಧಾನದ ಅಧ್ಯಾಯದಲ್ಲಿ ನಾಲ್ಕು ಸಾಲುಗಳಲ್ಲಾದರೂ ದಾಖಲಿಸುವುದು ರೂಢಿಯಾಗಬೇಕು. ಬಸವಕಲ್ಯಾಣ, ಹುಮನಾಬಾದ್ ಪರಿಸರದಲ್ಲಿ ನಾಲ್ಕೈದು ಭಾಷೆಗಳ ನಡುವೆ ಬಾಳಿದ ಹಿರಿಯರ ಮಾತು ಮತ್ತೆ ಸಂಗ್ರಹಿಸಬಹುದಾದ ವಸ್ತುವಲ್ಲ. ಇಂದು ಧ್ವನಿಮುದ್ರಿಸಿದುದನ್ನು ಇಪ್ಪತ್ತು ವರ್ಷಗಳ ಅನಂತರದ ವಿದ್ಯಾರ್ಥಿಯೊಬ್ಬ ಯಾರ ಅನುಮತಿಯ ಕೀಲಿಯೂ ಬೇಡದೆ ತೆರೆದು ಕೇಳುವಂತಾಗುವುದೇ ಈ ಆಯ್ಕೆಯ ಯೋಗ್ಯತೆಯನ್ನು ಅಳೆಯುವ ಮಾನದಂಡ.